ಬಲ್ಲೆಯೊಳಗಣ ಹಕ್ಕಿ

1801ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ, ಶ್ರೀರಂಗಪಟ್ಟಣದ ಪತನವಾಗಿ ಇನ್ನೂ ಎರಡು ವರ್ಷಗಳು ತುಂಬುವ ಮೊದಲೇ, ಈಸ್ಟ್ ಇಂಡಿಯಾ ಕಂಪೆನಿಯ ವೈದ್ಯನಾದ ಫ್ರಾನ್ಸಿಸ್ ಬುಕಾನನನು, ಹೊಸದಾಗಿ ಕೈಸೇರಿದ ಸೀಮೆಗಳ ಬೇಸಾಯ, ಕೈಕಸಬು, ವ್ಯಾಪಾರಗಳನ್ನು ಪರಿಶೀಲಿಸಿ ವರದಿ ಮಾಡತಕ್ಕದ್ದೆಂಬ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯನ್ನು ಹೊತ್ತು, ಮಂಗಳೂರಿನಿಂದ ನೇತ್ರಾವತಿಯ ಕಡೆಯಿಂದ ಬಂಟ್ವಾಳಕ್ಕೆ ಬಂದು, ಜಮಲಾಬಾದಿನ ಬಂಡೆಗೋಟೆಯ ಬುಡವನ್ನು ಮುಟ್ಟಿ, ವೇಣೂರನ್ನು ದಾಟಿ, ಮೂಡುಬಿದಿರೆಯ ಬಸದಿಗಳ ನಡುವೆ ಹಾದು ಕಾರ್ಕಳದತ್ತ ನಡೆದನು. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನವನ್ನು ತೆರೆದವರಿಗೆ ನಮ್ಮ ಸೀಮೆಯ ಬೈಲು, ಮಜಲು, ಬೆಟ್ಟುಗಳ ಗದ್ದೆಗಳು, ಅಡಕೆ ಮೆಣಸುಗಳ ತೋಟಗಳು, ಗುಡ್ಡದ ಕಾಡನ್ನು ಕಡಿದು ಸುಟ್ಟು ಬಿತ್ತುವ ಕುಮೇರಿ ಬೇಸಾಯ, ದೊಡ್ಡ ಮರಗಳ ನಾಟಾದ ಬೆಲೆ, ಇವೆಲ್ಲವೂ ಒಬ್ಬ ಶ್ರದ್ಧಾವಂತ ಲೆಕ್ಕಿಗನ ಕೈಯಿಂದ ಬರೆಯಲ್ಪಟ್ಟಂತೆ ಕಾಣಸಿಗುತ್ತವೆ.

ಅವನದು ಕರ್ತವ್ಯದ ಕಣ್ಣು. ಯಾವುದಕ್ಕೆ ಬೆಲೆಯುಂಟೋ, ಯಾವುದರಿಂದ ಕಂದಾಯ ಹುಟ್ಟುವುದೋ, ಅದರ ಮೇಲೆಯೇ ಅದು ನಿಲ್ಲಬೇಕಾಗಿದ್ದಿತು. ಆದರೆ ಕಂಪೆನಿಯೂ ಹೋಗಿ, ಅದರ ಬೆನ್ನಿಗೆ ಬಂದ ಸಾಮ್ರಾಜ್ಯವೂ ಹೋಗಿ ಇಷ್ಟು ಕಾಲವಾದ ಮೇಲೂ ನಾವು ಕಾಡನ್ನು ಅಳೆಯುವುದು ಬಹುಮಟ್ಟಿಗೆ ಅದೇ ಕಣ್ಣಿನಿಂದಲೇ ಎಂಬುದನ್ನು ಒಪ್ಪಿಕೊಳ್ಳಬೇಕು. ಕಾಡೆಂದರೆ ಮರ, ಮರ ನಿಂತಿದ್ದರೆ ಕಾಡು ಉಳಿಯಿತು, ಮರ ಬಿದ್ದರೆ ಕಾಡು ಹೋಯಿತು. ಮರದ ಹೊದರಿಗೂ ನೆಲದ ಹುಲ್ಲಿಗೂ ನಡುವೆ, ಮನುಷ್ಯನ ಮೊಣಕಾಲಿನಿಂದ ತೊಡಗಿ ತಲೆಯ ಮೇಲಕ್ಕೆ ಒಂದಾಳೆತ್ತರದವರೆಗೆ ಹಬ್ಬಿಕೊಂಡಿರುವ ಆ ಇನ್ನೊಂದು ಕಾಡಿಗೆ, ಘಟ್ಟದ ಮೇಲಿನವರು ಹಳು ಎಂದೂ ನಮ್ಮ ಕಡೆಯವರು ಬಲ್ಲೆ ಎಂದೂ ಕರೆಯುವ ಆ ಕೆಳಗಣ ಲೋಕಕ್ಕೆ, ನಮ್ಮ ಲೆಕ್ಕದಲ್ಲಿ ಇಂದಿಗೂ ಅಂಕಣವಿಲ್ಲ. ಅದು ಇರುವುದು ಸವರುವುದಕ್ಕೆ, ಸುಡುವುದಕ್ಕೆ, ಚೊಕ್ಕ ಮಾಡುವುದಕ್ಕೆ.

ಈ ಲೋಕದ ಒಬ್ಬ ನಿವಾಸಿಯ ವಿಷಯವಾಗಿ ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ದೇಹ, ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 13 ಸೆಂಟಿಮೀಟರು; ಬೆನ್ನು ರೆಕ್ಕೆಗಳು ಒಣಗಿದೆಲೆಯ ಕಂದು; ಗಂಟಲು ಎದೆಗಳು ಬಿಳಿ; ನೆತ್ತಿಯಿಂದ ಕೆನ್ನೆಯವರೆಗೆ ಇಳಿದ ಗಾಢವಾದ ಕಪ್ಪು, ಆ ಕಪ್ಪಿನ ನಡುವೆ ತಟ್ಟನೆ ಎದ್ದು ಕಾಣುವ ತಿಳಿಹಳದಿಯ ಕಣ್ಣು. ಹರಟೆಮಲ್ಲಗಳ ಕುಲಕ್ಕೆ ಸೇರಿದುದರಿಂದ ಇದನ್ನು ಕರಿತಲೆಯ ಹರಟೆಮಲ್ಲವೆಂದು ಕರೆಯಬಹುದು. ವಿಜ್ಞಾನಿಗಳ ಭಾಷೆಯಲ್ಲಿ ಇದು ಬಹುಕಾಲ ರೋಪೊಸಿಕ್ಲಾ ಏಟ್ರಿಸೆಪ್ಸ್ ಎನಿಸಿದ್ದಿತು. ಆ ಗಣದಲ್ಲಿ ಇದರ ಹೊರತು ಬೇರೊಂದು ಪ್ರಭೇದವಿರಲಿಲ್ಲ; ಈಗ ಇದನ್ನು ಡುಮೆಟಿಯಾ ಗಣಕ್ಕೆ ಸೇರಿಸಿದ್ದಾರೆ. ಪಶ್ಚಿಮ ಘಟ್ಟಗಳ ದಕ್ಷಿಣಾರ್ಧ ಮತ್ತು ಸಿಂಹಳ ದ್ವೀಪ, ಇವೆರಡನ್ನು ಬಿಟ್ಟರೆ ಭೂಮಂಡಲದಲ್ಲಿ ಮತ್ತೆಲ್ಲಿಯೂ ಇದು ದೊರೆಯುವುದಿಲ್ಲ. ಇದನ್ನು ಮೊದಲು ವರ್ಣಿಸಿ ಹೆಸರಿಟ್ಟವನು ಮದರಾಸು ಸರಕಾರದ ಸೇವೆಯಲ್ಲಿದ್ದ ಮತ್ತೊಬ್ಬ ವೈದ್ಯ, ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್, ವರ್ಷ 1839. ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಮದರಾಸು ಆಧಿಪತ್ಯದ ಒಂದು ಭಾಗವಾಗಿದ್ದಿತು. ಮುಂದೆ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದಾಗಲೂ ಘಟ್ಟದ ಕೆಳಗಿನ ನಮ್ಮ ಸೀಮೆ ರಾಜಕೀಯವಾಗಿ ಬೇರೆಯೇ ಆಗಿದ್ದಿತು. ಹಕ್ಕಿಗಳಿಗೆ ಆ ಗಡಿಗಳು ತಿಳಿಯವು. ಚಾರ್ಮಾಡಿಯ ಸುತ್ತುದಾರಿಯಲ್ಲಿ ಹಳುವೂ ಬಲ್ಲೆಯೂ ಎಲ್ಲಿ ಒಂದನ್ನೊಂದು ಕೂಡುತ್ತವೆಂದು ಯಾರೂ ಗೆರೆ ಎಳೆದು ತೋರಿಸಲಾರರು.

ಬೆಳ್ತಂಗಡಿ ತಾಲೂಕಿನ ಪೂರ್ವದ ಅಂಚು, ಎಂದರೆ ಚಾರ್ಮಾಡಿಯ ಕೆಳತಿರುವುಗಳು, ಬಂಡಾಜೆ ದಿಡುಪೆಗಳ ತೋಡುಗಳು, ಶಿಶಿಲದ ಹೊಳೆಬದಿ, ನಾರಾವಿ ಕುತ್ಲೂರುಗಳಿಂದ ಕುದುರೆಮುಖ ರಾಷ್ಟ್ರೀಯ ಉದ್ಯಾನವನದೊಳಕ್ಕೆ ಏರುವ ಕಾಡು, ಇವು ಈ ಹಕ್ಕಿಗೆ ಹೇಳಿ ಮಾಡಿಸಿದ ನೆಲೆಗಳು. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಸುರಿಯುವ ಈ ಮಡಿಲಲ್ಲಿ ಮರಗಳ ಛತ್ರ ಎಷ್ಟು ದಟ್ಟವೆಂದರೆ, ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲವನ್ನು ಮುಟ್ಟುವುದು. ಆ ಮಂದ ಬೆಳಕಿನಲ್ಲಿ ಬೆತ್ತದ ಮುಳ್ಳುಬಳ್ಳಿ, ತೋಡಿನ ಬದಿಯ ಮುಂಡೇವು, ವಾಟೆಯ ಮೆಳೆ, ಕೇಪುಳದ ಗಿಡ, ಹೊಸದಾಗಿ ಮೊಳೆತು ಬೆಳಕಿಗಾಗಿ ವರ್ಷಗಟ್ಟಲೆ ಕಾದು ನಿಂತಿರುವ ದೊಡ್ಡ ಮರಗಳ ಎಳೆಯ ಸಸಿಗಳು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡು ಮನುಷ್ಯನಿಗೆ ದುರ್ಗಮವೂ ಚಿಕ್ಕ ಹಕ್ಕಿಗೆ ಅರಮನೆಯೂ ಆದ ಒಂದು ಗೂಢ ಪ್ರದೇಶವನ್ನು ನಿರ್ಮಿಸುತ್ತವೆ. ಅದರ ತಳದಲ್ಲಿ ತರಗೆಲೆಯ ಹಾಸು. ಹಾಸಿನ ಅಡಿಯಲ್ಲಿ ಗೆದ್ದಲು, ಜೇಡ, ಹುಳು, ಮರಿಹುಳುಗಳ ಅಕ್ಷಯಪಾತ್ರೆ. ಕರಿತಲೆಯ ಹರಟೆಮಲ್ಲಗಳು ಐದೋ ಎಂಟೋ ಕೂಡಿಕೊಂಡು, ಒಂದನ್ನೊಂದು ಮೆಲುದನಿಯಲ್ಲಿ ಕರೆಯುತ್ತ, ಎಲೆಯಿಂದ ಎಲೆಗೆ, ಬಳ್ಳಿಯಿಂದ ಬಳ್ಳಿಗೆ ಜಾರಿಕೊಂಡು ಹೋಗುತ್ತವೆ. ಮನುಷ್ಯನ ಸುಳಿವು ತಿಳಿದೊಡನೆ ಎಲ್ಲವೂ ಸೇರಿ ಗರಗರನೆ ಗದರಿ, ಮರುಕ್ಷಣದಲ್ಲಿ ಹಸುರಿನೊಳಗೆ ಇಲ್ಲವಾಗುತ್ತವೆ.

ನಾರಾವಿಯ ಕಡೆಯ ಒಂದು ತೋಟದ ಅಂಚಿನಲ್ಲಿ ನಾನು ಹೀಗೆ ಕಿವಿಗೊಟ್ಟು ನಿಂತಿದ್ದಾಗ, ಮುಟ್ಟಾಳೆ ತೊಟ್ಟು ಸೊಪ್ಪಿನ ಹೊರೆಯೊಡನೆ ಇಳಿದು ಬಂದ ಹಿರಿಯರೊಬ್ಬರನ್ನು, ಈ ಹಕ್ಕಿಯನ್ನು ನೀವು ಕಂಡಿದ್ದೀರಾ ಎಂದು ಕೇಳಿದೆನು. ಅವರು ಹೊರೆಯನ್ನು ಇಳಿಸಿ, ಬೆವರು ಒರಸಿಕೊಂಡು, "ಅದು ನೋಡ್ಲಿಕ್ಕೆ ಸಿಗುವ ಹಕ್ಕಿ ಅಲ್ಲ ಮಾರಾಯ್ರೆ, ಕೇಳ್ಲಿಕ್ಕೆ ಮಾತ್ರ ಸಿಗ್ತದೆ. ನನ್ನ ಅಪ್ಪನ ಕಾಲದಿಂದ ಇದೇ ಬಲ್ಲೆಯಲ್ಲಿ ಉಂಟು" ಎಂದರು. ಒಂದು ಜೀವಿಯನ್ನು ಎರಡು ತಲೆಮಾರು ಕಾಲ ಕಿವಿಯಿಂದಲೇ ಬಲ್ಲ ಆ ಮನುಷ್ಯನ ಅರಿವಿಗೆ ಪಕ್ಷಿಶಾಸ್ತ್ರದ ಪರಿಭಾಷೆ ಇಲ್ಲವೆಂಬುದು ಸತ್ಯ. ಆದರೆ ಬಲ್ಲೆಯ ಹಕ್ಕಿಗಳ ವಿಷಯದಲ್ಲಿ ಶಾಸ್ತ್ರಜ್ಞರೂ ಕೊನೆಗೆ ಬಂದು ನಿಂತಿರುವುದು ಇದೇ ಮಾತಿನ ಬಳಿಯಲ್ಲಿ.

ಇದಕ್ಕೆ ದೃಷ್ಟಾಂತವನ್ನು ಅರಸಿ ಬಹುದೂರ, ದಕ್ಷಿಣ ಅಮೆರಿಕದ ಅರಣ್ಯಗಳವರೆಗೆ ಹೋಗಬೇಕು. ಅಲ್ಲಿನ ಕಾಡಿನ ಕೆಳಮಾಳಿಗೆಯನ್ನು ಆಳುವ ಚಿಕ್ಕ ಹಕ್ಕಿಗಳಿಗೆ ರೆನ್ ಎಂದು ಹೆಸರು. ಸುಮಾರು 90 ಪ್ರಭೇದಗಳುಳ್ಳ ಈ ಕುಟುಂಬದಲ್ಲಿ ಹೆಚ್ಚುಕಡಮೆ ಎಲ್ಲವೂ ಅಮೆರಿಕ ಖಂಡಗಳಿಗೇ ಸೇರಿದವು. ಒಂದೇ ಒಂದು ಪ್ರಭೇದ ಏಷ್ಯಾ ಯುರೋಪುಗಳಲ್ಲಿ ಹರಡಿ ನಮ್ಮ ಹಿಮಾಲಯವನ್ನೂ ಮುಟ್ಟಿದೆ, ಆದರೆ ದಕ್ಷಿಣ ಭಾರತದತ್ತ ಇಳಿದುಬಂದಿಲ್ಲ. ಇವುಗಳಲ್ಲಿ ಬಿಳಿಯೆದೆಯ ಕಾಡುರೆನ್ ಎಂಬುದು ಸುಮಾರು 11 ಸೆಂಟಿಮೀಟರು ಉದ್ದದ, ಕಂದುಬೆನ್ನಿನ, ಮೋಟುಬಾಲದ ಹಕ್ಕಿ. ಮೆಕ್ಸಿಕೋದಿಂದ ಅಮೆಜಾನಿನ ಉತ್ತರಭಾಗದವರೆಗಿನ ಕಾಡುಗಳಲ್ಲಿ ನೆಲಕ್ಕೆ ಅಂಟಿಕೊಂಡಂತೆ ಬಾಳುವಂಥದು. ಕೊಲಂಬಿಯದ ಪಶ್ಚಿಮದ ಪರ್ವತಶ್ರೇಣಿಯಲ್ಲಿ, ಮುಂಚಿಕೆ ಎಂಬ ಎಡೆಯಲ್ಲಿ, ಅದರ ಹತ್ತಿರದ ನಂಟನಾದ ಇನ್ನೊಂದು ಕಾಡುರೆನ್ ಬಹುಕಾಲ ನೆರೆಯ ಪ್ರಭೇದದೊಡನೆ ಬೆರೆತು ಗುರುತಿಲ್ಲದೆ ಉಳಿದಿದ್ದಿತು. ಅದರ ಹಾಡೇ ಬೇರೆ ಎಂಬುದು ಪಕ್ಷಿವೀಕ್ಷಕರ ಕಿವಿಗೆ ಬಿದ್ದ ಮೇಲೆ, 2003ರಲ್ಲಿ ಅದನ್ನು ಸ್ವತಂತ್ರ ಪ್ರಭೇದವೆಂದು ಸಾರಲಾಯಿತು. ಕಣ್ಣು ಮೋಸಹೋದಲ್ಲಿ ಕಿವಿ ಸತ್ಯವನ್ನು ಹಿಡಿದಿದ್ದಿತು.

ರೆನ್‌ಗಳ ಗಾನದ ಕೀರ್ತಿ ಅಲ್ಲಿನ ಜನಜೀವನದಲ್ಲಿ ಎಷ್ಟು ಆಳವಾಗಿ ಇಳಿದಿದೆಯೆಂದರೆ, ಅಮೆಜಾನಿನ ಗಾಯಕ ರೆನ್ ಹಾಡತೊಡಗಿದಾಗ ಉಳಿದೆಲ್ಲ ಹಕ್ಕಿಗಳೂ ಸುಮ್ಮನಾಗುತ್ತವೆಂದು ಅಲ್ಲಿಯ ಜನ ನಂಬುತ್ತಾರೆ. ಬ್ರೆಜಿಲಿನ ಮಹಾಸಂಗೀತಗಾರ ವಿಲಾ ಲೋಬೋಸನು 1917ರಲ್ಲಿ ಅದರ ಸ್ಥಳೀಯ ಹೆಸರಾದ ಉಯಿರಪುರು ಎಂಬುದನ್ನೇ ತನ್ನ ವಾದ್ಯವೃಂದದ ಕೃತಿಯೊಂದಕ್ಕೆ ಇಟ್ಟನು. ಈಕ್ವಡಾರಿನ ಬಿದಿರ ಮೆಳೆಗಳಲ್ಲಿ ಬಾಳುವ ಇನ್ನೊಂದು ರೆನ್ನಿನ ಗಂಡುಹೆಣ್ಣುಗಳು ಒಂದೊಂದು ಸ್ವರವನ್ನು ಒಂದೊಂದು ಹಕ್ಕಿ ನುಡಿಯುತ್ತ, ಕೇಳುವವರಿಗೆ ಒಂದೇ ಕಂಠವೆಂಬ ಭ್ರಾಂತಿ ಹುಟ್ಟುವಷ್ಟು ಬಿಗಿಯಾಗಿ ಯುಗಳಗಾನ ಮಾಡುತ್ತವೆ. ಅವುಗಳ ಮಿದುಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಎರಡೂ ಹಕ್ಕಿಗಳು ತಮ್ಮ ಪಾಲನ್ನಷ್ಟೇ ಅಲ್ಲ, ಇಡೀ ಹಾಡನ್ನೇ ನೆನಪಿನಲ್ಲಿಟ್ಟಿರುತ್ತವೆಂದು 2011ರಲ್ಲಿ ತೋರಿಸಿದರು.

ದಟ್ಟವಾದ ಎಲೆಗಳ ನಡುವೆ ಬಣ್ಣವಾಗಲಿ ನೃತ್ಯವಾಗಲಿ ಹತ್ತು ಮಾರಿನಾಚೆಗೆ ಕಾಣುವಂತಿಲ್ಲ. ಆದುದರಿಂದ ಸಂಗಾತಿಯನ್ನು ಕರೆಯುವುದು, ಎಲ್ಲೆಯನ್ನು ಸಾರುವುದು, ಅಪಾಯವನ್ನು ತಿಳಿಸುವುದು ಎಲ್ಲವೂ ದನಿಯ ಪಾಲಿಗೆ ಬೀಳುತ್ತವೆ. ಆ ದನಿಯೂ ಎಲ್ಲ ದನಿಯಂತಿದ್ದರೆ ಸಾಲದು. ಯೂಜೀನ್ ಮಾರ್ಟನ್ ಎಂಬ ಪಂಡಿತನು ಪನಾಮಾದ ಕಾಡುಗಳಲ್ಲಿ ಧ್ವನಿಯ ಪ್ರಸಾರವನ್ನು ಅಳೆದು, ಸುಮಾರು 1,500ರಿಂದ 2,500 ಹರ್ಟ್ಸ್ ಕಂಪನದ, ಕಲಬೆರಕೆಯಿಲ್ಲದ ಸಿಳ್ಳಿನಂಥ ಸ್ವರಗಳು ಕಾಡಿನ ಕೆಳಭಾಗದಲ್ಲಿ ಮಿಕ್ಕವುಗಳಿಗಿಂತ ದೂರ ಸಾಗುತ್ತವೆಂದು 1975ರಲ್ಲಿ ಪ್ರಕಟಿಸಿದನು. ನಮ್ಮ ಹಾಡಿಗಳಲ್ಲಿ ಇದರ ಪ್ರತ್ಯಕ್ಷ ಪ್ರಮಾಣವನ್ನು ಯಾರು ಬೇಕಾದರೂ ಕೇಳಬಹುದು. ಕರಿತಲೆಯದಕ್ಕಿಂತ ಸ್ವಲ್ಪ ದೊಡ್ಡದಾದ, ಕೆಂಗಂದು ನೆತ್ತಿಯ, ಎದೆಯ ಮೇಲೆ ಕಂದುಗೀರುಗಳುಳ್ಳ ಚುಕ್ಕೆ ಹರಟೆಮಲ್ಲವೆಂಬ ಇನ್ನೊಂದು ಹಕ್ಕಿ, ಬಂಟ್ವಾಳದ ಕಾರಿಂಜ ಬೆಟ್ಟದ ಮಗ್ಗುಲಿನಂಥ ಕಾಡುಗಳಲ್ಲಿಯೂ ಮೂಡುಬಿದಿರೆಯ ಸುತ್ತಲ ಮುರಕಲ್ಲಿನ ಗುಡ್ಡೆಗಳ ತಪ್ಪಲಿನಲ್ಲಿಯೂ ತರಗೆಲೆಗಳನ್ನು ಕೆದಕುತ್ತ ನೆಲದ ಮೇಲೆಯೇ ನಡೆದಾಡುತ್ತದೆ. ಬೇಸಗೆಯ ಮುಂಜಾವದಲ್ಲಿ ಅದರ ಮೂರು ಸ್ವರಗಳ ಸಿಳ್ಳು ನೆಲದಿಂದಲೇ ಎದ್ದು, ಹತ್ತಿರದಲ್ಲಿದ್ದರೂ ದೂರದಿಂದ ಬಂದಂತೆ, ದೂರದಲ್ಲಿದ್ದರೂ ಕಾಲಬುಡದಿಂದ ಬಂದಂತೆ ತೋರುವುದು. ಮಳೆಗಾಲದ ನಸುಕಿನಲ್ಲಿ ಘಟ್ಟದ ತೋಡುಗಳ ಬಂಡೆಗಳ ಮೇಲೆ ಸಿಳ್ಳಾರ ಹಕ್ಕಿ ನೀರಿನ ಭೋರ್ಗರೆತವನ್ನು ಮೀರಿ ಉಲಿಯುವುದೂ ಇಂಥದೇ ಶುದ್ಧಸ್ವರದ ಬಲದಿಂದ.

ಕರಿತಲೆಯ ಹರಟೆಮಲ್ಲಕ್ಕೆ ಈ ಸಂಗೀತ ಒಲಿದಿಲ್ಲ. ಅದರ ಮಾತು ಒರಟು. ಆದರೆ ಬಾಳುವೆಯ ಕ್ರಮದಲ್ಲಿ ರೆನ್‌ಗಳಿಗೆ ಅದರಷ್ಟು ಹತ್ತಿರವಾದುದು ನಮ್ಮಲ್ಲಿ ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಎರಡರ ವಂಶಗಳೂ ಬೇರೆ, ನಡುವೆ ಮಹಾಸಾಗರವೂ ಲಕ್ಷಲಕ್ಷ ವರ್ಷಗಳ ಚರಿತ್ರೆಯೂ ಇವೆ. ಆದರೂ ಮಂದ ಬೆಳಕು, ಒತ್ತಾದ ಎಲೆ, ನೆಲದ ಹುಳು ಎಂಬ ಒಂದೇ ಪಾಠವನ್ನು ಎರಡು ಖಂಡಗಳಲ್ಲಿ ಕಲಿತ ಈ ಎರಡು ಕುಲಗಳೂ ಮೋಟಾದ ಗುಂಡುರೆಕ್ಕೆ, ಬಲವಾದ ಕಾಲು, ಎಲೆಯ ಬಣ್ಣದ ಬೆನ್ನು ಎಂಬ ಒಂದೇ ಉತ್ತರಕ್ಕೆ ಬಂದು ಮುಟ್ಟಿವೆ. ಸೋಜಿಗವೆಂದರೆ ಮನೆ ಕಟ್ಟುವ ಬಗೆಯಲ್ಲಿಯೂ ಸಾಮ್ಯವುಂಟು. ಕೋಸ್ಟರಿಕದ ಕಾಡಿನಲ್ಲಿ ತನ್ನ ದೀರ್ಘ ಆಯುಷ್ಯದ ಬಹುಭಾಗವನ್ನು ಕಳೆದ ಅಲೆಕ್ಸಾಂಡರ್ ಸ್ಕಚ್ ಎಂಬ ಪಕ್ಷಿತಪಸ್ವಿಯು, ಕಾಡುರೆನ್‌ಗಳು ಮೊಟ್ಟೆಯಿಡುವುದಕ್ಕೆ ಒಂದು ಗೂಡನ್ನೂ ರಾತ್ರಿ ಮಲಗುವುದಕ್ಕೆಂದೇ ಬೇರೆ ಗೂಡುಗಳನ್ನೂ ಕಟ್ಟುತ್ತವೆಂಬುದನ್ನು ವಿಸ್ತಾರವಾಗಿ ಬರೆದಿದ್ದಾನೆ. ನಮ್ಮ ಕರಿತಲೆಯೂ ಹಾಗೆಯೇ. ಒಣಗಿದ ಬಿದಿರೆಲೆ, ವಾಟೆಯೆಲೆಗಳನ್ನು ಒಂದರ ಮೇಲೊಂದು ಸುತ್ತಿ, ಪೊದೆಯ ಹೊರಗೊಂಬೆಯಲ್ಲಿ ನೆಲದಿಂದ ಮೂರಡಿಯಷ್ಟು ಎತ್ತರದಲ್ಲಿ, ಮಗ್ಗುಲಿಗೆ ಬಾಯುಳ್ಳ ಗುಂಡಾದ ಗೂಡನ್ನು ಅದು ಕಟ್ಟುವುದು. ಮರಿಯ ಗೂಡಲ್ಲದೆ ಬರಿಯ ಶಯನಗೃಹಗಳಾದ ಗೂಡುಗಳೂ ಹತ್ತಿರದಲ್ಲಿ ಕಾಣಸಿಗುತ್ತವೆ. ಬಿರುಮಳೆಯ ಸೀಮೆಯಲ್ಲಿ ತೆರೆದ ಬಟ್ಟಲಿನಂಥ ಗೂಡಿಗಿಂತ ಮುಚ್ಚಿದ ಗೂಡು ಲೇಸೆಂಬುದನ್ನು ನೇಜಿ ನೆಡುವಾಗ ಬೆನ್ನಿಗೆ ಗೊರಬೆ ಹೊದ್ದು ಬಾಗಿದ ನಮ್ಮ ಹೆಂಗಸರನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಮೊಟ್ಟೆಗಳು ಸಾಮಾನ್ಯವಾಗಿ ಎರಡು. ಕಾವು ಕೊಡುವುದರಲ್ಲಿ ತಂದೆತಾಯಿಗಳಿಬ್ಬರದೂ ಪಾಲು.

ಚುಕ್ಕೆ ಹರಟೆಮಲ್ಲವಂತೂ ತನ್ನ ಗುಮ್ಮಟದಂಥ ಗೂಡನ್ನು ನೆಲದ ಮೇಲೆಯೇ, ತರಗೆಲೆಗಳ ನಡುವೆ ತರಗೆಲೆಯಿಂದಲೇ ಕಟ್ಟುತ್ತದೆ. ಸೊಪ್ಪು ಒಟ್ಟುವವರ ಕೈ ಅದರಿಂದ ಗೇಣಿನಷ್ಟು ದೂರದಲ್ಲಿ ಹಾದುಹೋದರೂ ತಿಳಿಯುವಂತಿರುವುದಿಲ್ಲ.

ಈಗ ಆ ಮೋಟುರೆಕ್ಕೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಈ ಹಕ್ಕಿಗಳ ಭಾಗ್ಯವೂ ದೌರ್ಭಾಗ್ಯವೂ ಅದರಲ್ಲಿಯೇ ಅಡಗಿದೆ. ಪನಾಮಾ ಕಾಲುವೆಯನ್ನು ತೋಡುವುದಕ್ಕಾಗಿ ಅಮೆರಿಕನರು ಚಾಗ್ರೆಸ್ ಎಂಬ ನದಿಗೆ ಅಣೆಕಟ್ಟು ಕಟ್ಟಿದಾಗ ಗಾಟೂನ್ ಎಂಬ ವಿಶಾಲ ಸರೋವರ ಹುಟ್ಟಿತು. 1914ರಲ್ಲಿ ಕಾಲುವೆ ತೆರೆಯುವ ಹೊತ್ತಿಗೆ, ಅದುವರೆಗೆ ಸುತ್ತಲ ನೆಲದೊಡನೆ ಕೂಡಿಕೊಂಡ ಒಂದು ಗುಡ್ಡವಾಗಿದ್ದ ಬಾರೊ ಕೊಲರಾಡೊ ಎಂಬ ಎಡೆ, ಸುಮಾರು 1,500 ಹೆಕ್ಟೇರಿನ ದ್ವೀಪವಾಗಿ ನೀರಿನ ನಡುವೆ ಉಳಿಯಿತು. 1923ರಿಂದ ಅದು ಸಂರಕ್ಷಿತ ಪ್ರದೇಶ. ಅಂದಿನಿಂದ ಅಲ್ಲಿನ ಕಾಡಿಗೆ ಕೊಡಲಿಯ ಪೆಟ್ಟು ಬಿದ್ದಿಲ್ಲ, ಮರಗಳು ಮೊದಲಿಗಿಂತ ಸೊಂಪಾಗಿ ಬೆಳೆದಿವೆ. ಹೀಗಿದ್ದೂ ಒಂದೊಂದಾಗಿ ಹತ್ತಾರು ಪ್ರಭೇದಗಳ ಹಕ್ಕಿಗಳು ಆ ದ್ವೀಪದಿಂದ ಅಳಿದುಹೋದವು. ಅಳಿದವುಗಳಲ್ಲಿ ಬಿಳಿಯೆದೆಯ ಕಾಡುರೆನ್ನೂ ಒಂದು. ಎದುರು ದಡದ ಕಾಡಿನಲ್ಲಿ ಅವು ಇವೆ. ನಡುವೆ ಇರುವುದು ಕೆಲವು ನೂರು ಮೀಟರು ನೀರು. ಹಕ್ಕಿಗೆ ಅಷ್ಟೂ ಹಾರಲು ಬಾರದೆ ಎಂದು ಯಾರಿಗೂ ಅನಿಸಬಹುದು. ಈ ಸಂದೇಹವನ್ನು ಪರಿಹರಿಸಲೆಂದು ಸಂಶೋಧಕರು ಕಾಡಿನ ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು, ದಡದಿಂದ ಬೇರೆ ಬೇರೆ ದೂರಗಳಲ್ಲಿ ಬಿಟ್ಟು ನೋಡಿದರು. 2008ರಲ್ಲಿ ಪ್ರಕಟವಾದ ಆ ಪರೀಕ್ಷೆಯ ಫಲ ಓದುವವರ ಮನಸ್ಸನ್ನು ಕಲಕುವಂಥದು. ಬಯಲಿಗೆ ಒಗ್ಗಿದ ಹಕ್ಕಿಗಳು ನಿರಾಯಾಸವಾಗಿ ದಡ ಸೇರಿದರೆ, ಕಾಡಿನ ಕೆಳಮಾಳಿಗೆಯ ಹಲವು ಹಕ್ಕಿಗಳು ನೂರು ಮೀಟರನ್ನೂ ದಾಟಲಾರದೆ ನೀರಿಗೆ ಬಿದ್ದವು; ದೋಣಿಯಲ್ಲಿದ್ದವರು ಅವನ್ನು ಎತ್ತಿಕೊಳ್ಳಬೇಕಾಯಿತು. ಬ್ರೆಜಿಲಿನ ಮನಾಉಸ್ ನಗರದ ಬಳಿ 1979ರಿಂದ ನಡೆದುಬಂದಿರುವ ಇನ್ನೊಂದು ಅಧ್ಯಯನದಲ್ಲಿ, ಒಂದು, ಹತ್ತು, ನೂರು ಹೆಕ್ಟೇರುಗಳ ಕಾಡಿನ ತುಂಡುಗಳನ್ನು ಸುತ್ತಲೂ ಬಯಲಾಗಿಸಿ ಬಿಟ್ಟಾಗ, 80 ಮೀಟರಿನಷ್ಟು ಬಯಲು ಕೂಡ ಇಂಥ ಹಕ್ಕಿಗಳಿಗೆ ಗೋಡೆಯಂತಾದುದು ಕಂಡುಬಂದಿತು.

ಬಂಟ್ವಾಳದ ಬಳಿ ನೇತ್ರಾವತಿಯ ಅಗಲ ಆ ನೂರು ಮೀಟರಿಗಿಂತ ಹೆಚ್ಚು. ಆದರೆ ಹೊಳೆ ಮೊದಲಿನಿಂದಲೂ ಇದ್ದದ್ದೇ. ಅದರ ಎರಡೂ ದಡಗಳಲ್ಲಿ ಬಲ್ಲೆ ಇದ್ದು, ಮೇಲ್ದಿಕ್ಕಿಗೆ ಹೋದಂತೆಲ್ಲ ಹೊಳೆ ಸಣ್ಣದಾಗಿ ತೋಡಾಗಿ, ಕೊನೆಗೆ ಎರಡು ಬದಿಯ ಕೊಂಬೆಗಳು ಕೈಹಿಡಿಯುವ ಎಡೆಯೂ ಒಂದಿದ್ದುದರಿಂದ ಹಕ್ಕಿಗೆ ದಾರಿ ಇದ್ದೇ ಇದ್ದಿತು. ಹೊಸ ಬಯಲುಗಳಿಗೆ ಅಂಥ ಮೇಲ್ದಿಕ್ಕಿಲ್ಲ. ಬಿ.ಸಿ.ರೋಡಿನಿಂದ ಬೆಳ್ತಂಗಡಿ, ಉಜಿರೆಗಳ ಮೂಲಕ ಚಾರ್ಮಾಡಿಗೆ ಏರುವ 73ನೆಯ ರಾಷ್ಟ್ರೀಯ ಹೆದ್ದಾರಿ, ಮೂಡುಬಿದಿರೆಯ ಮೂಲಕ ಕಾರ್ಕಳಕ್ಕೆ ಹೋಗುವ 169ನೆಯದು, ಇವುಗಳನ್ನು ಅಗಲಗೊಳಿಸುವಾಗ ಕಡಿದ ಸಾಲುಮರಗಳಿಗಾಗಿ ಮರುಗಿದವರು ನಮ್ಮಲ್ಲಿ ಬಹಳ ಮಂದಿ, ಮರುಗಿದ್ದು ನ್ಯಾಯವೇ. ಆದರೆ ಮರದೊಡನೆ ದರೆಯ ಮೇಲಿನ ಬಲ್ಲೆಯೂ ಹೋಗಿ, ಎರಡು ಬದಿಯ ಹಾಡಿಗಳ ನಡುವೆ ಮಣ್ಣಿನ ನಗ್ನವಾದ ಬರೆ ನಿಂತುದರ ಲೆಕ್ಕವನ್ನು ಯಾರೂ ಇಟ್ಟಂತಿಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಬಲ್ಲೆ ಹೇಗೆ ಉಳಿದಿದ್ದಿತು ಎಂದರೆ, ಅದಕ್ಕೆ ಎರಡು ಆಸರೆಗಳಿದ್ದವೆಂದು ಹೇಳಬೇಕು. ಒಂದು ಕುಮ್ಕಿ. ದಕ್ಷಿಣ ಕನ್ನಡದ ಹೊರಗಿನವರಿಗೆ ಈ ವ್ಯವಸ್ಥೆ ಅಪರಿಚಿತವಾದುದರಿಂದ ವಿವರಿಸುವುದು ಯುಕ್ತ: ವರ್ಗದ, ಎಂದರೆ ಪಟ್ಟೆಯ ಹಿಡುವಳಿಯ, ಸಾಗುವಳಿ ಭೂಮಿಯ ಎಲ್ಲೆಯಿಂದ 100 ಗಜಗಳೊಳಗಿನ ಸರಕಾರೀ ನೆಲದಲ್ಲಿ ತನ್ನ ಬೇಸಾಯಕ್ಕೆ ಬೇಕಾದ ಸೊಪ್ಪು, ಹುಲ್ಲು, ತರಗೆಲೆ, ಕಟ್ಟಿಗೆಗಳನ್ನು ತೆಗೆದುಕೊಳ್ಳುವ ಸೌಲಭ್ಯ ವರ್ಗದಾರನಿಗೆ ಉಂಟು, ನೆಲದ ಒಡೆತನ ಮಾತ್ರ ಸರಕಾರದ್ದು. ಹಟ್ಟಿಗೊಬ್ಬರಕ್ಕೆ ಸೊಪ್ಪು ಬೇಕಾಗಿದ್ದಷ್ಟು ಕಾಲ ಕುಮ್ಕಿಯ ಹಾಡಿಯನ್ನು ಬೋಳಿಸಿದರೆ ತನಗೇ ನಷ್ಟವೆಂಬುದು ರೈತನಿಗೆ ಗೊತ್ತಿದ್ದಿತು. ಗದ್ದೆಯ ಬೇಸಾಯ ಕುಗ್ಗಿ, ಹಟ್ಟಿಯ ದನಗಳು ಕರಗಿ, ಗೊಬ್ಬರ ಚೀಲದಲ್ಲಿ ಬರತೊಡಗಿದ ಮೇಲೆ ಆ ಬಂಧ ಸಡಿಲಿತು. ಕಳೆದ ಶತಮಾನದ ನಡುವಿನಿಂದ ಕೇರಳದಿಂದ ಬಂದು ಬೆಳ್ತಂಗಡಿಯ ಗುಡ್ಡಗಳಲ್ಲಿ ಬೆವರು ಸುರಿಸಿ ನೆಲೆ ಕಂಡುಕೊಂಡ ಕುಟುಂಬಗಳ ರಬ್ಬರು ತೋಟಗಳನ್ನು ನೋಡಿ, ಸ್ಥಳೀಯರೂ ಗುಡ್ಡೆಗೆ ರಬ್ಬರು ಹಾಕಿದರು; ಗದ್ದೆಗೂ ಗುಡ್ಡಕ್ಕೂ ಅಡಕೆ ಹಬ್ಬಿತು. ಯಾರನ್ನೂ ದೂರುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಮಕ್ಕಳನ್ನು ಓದಿಸಿದ್ದು ಆ ರಬ್ಬರೇ, ಸಾಲ ತೀರಿಸಿದ್ದು ಆ ಅಡಕೆಯೇ. ಆದರೆ ರಬ್ಬರು ತೋಟವನ್ನು ಆಕಾಶದಿಂದ ನೋಡಿದವರು ಹಸುರು ಕಾಡೆಂದೇ ಭ್ರಮಿಸಬಹುದು. ಒಳಗೆ ಕಾಲಿಟ್ಟರೆ ಸಾಲುಸಾಲಾದ ಕಾಂಡಗಳ ನಡುವೆ ಒಂದೇ ಬಗೆಯ ಹೊದಿಕೆಬಳ್ಳಿಯೋ, ಇಲ್ಲವೆ ಚೊಕ್ಕ ನೆಲವೋ. ಮರ ಉಂಟು, ಮನೆ ಇಲ್ಲ.

ಇನ್ನೊಂದು ಆಸರೆ ನಾಗಬನ. ತುಳುನಾಡಿನ ಕುಟುಂಬ ಕುಟುಂಬಕ್ಕೂ ಒಂದೊಂದಾಗಿ, ಗದ್ದೆಯ ಮೂಲೆಯಲ್ಲಿ, ತೋಟದ ತಲೆಯಲ್ಲಿ, ಕತ್ತಿ ತಾಗಿಸಬಾರದೆಂಬ ಕಟ್ಟಿನಿಂದ ಉಳಿದುಬಂದ ಈ ಬನಗಳು ಅಳತೆಯಲ್ಲಿ ಚಿಕ್ಕವು. ಕೆಲವು ಸೆಂಟ್ಸುಗಳಷ್ಟೇ ಇರುವುವೂ ಉಂಟು. ಆದರೆ ಹಾಲೆ, ರೆಂಜೆ, ಸುರಹೊನ್ನೆಗಳ ಅಡಿಯಲ್ಲಿ ಬೆತ್ತ ಬಳ್ಳಿಗಳು ಹೆಣೆದ ಆ ನೆಳಲು, ಹಾಡಿಯಿಂದ ಹಾಡಿಗೆ ಹೋಗುವ ಸಣ್ಣ ಜೀವಗಳಿಗೆ ನಡುದಾರಿಯ ತಂಗುದಾಣವಾಗಿದ್ದಿತು. ಭಯವೂ ಭಕ್ತಿಯೂ ಸೇರಿ ಕಾಪಾಡಿದ ಈ ಬನಗಳಲ್ಲಿ ಹಲವು, ಭಕ್ತಿ ಕುಂದಿದುದರಿಂದಲ್ಲ, ಅದು ಹೆಚ್ಚಿದುದರಿಂದಲೇ ಇಂದು ಅಳಿಯುತ್ತಿರುವುದು ಮನಸ್ಸಿಗೆ ನೋವುಂಟುಮಾಡುವ ಸಂಗತಿ. ಜೀರ್ಣೋದ್ಧಾರವೆಂದರೆ ಬಲ್ಲೆ ಸವರಿ, ಮರ ಕಡಿದು, ಕಾಂಕ್ರೀಟಿನ ಕಟ್ಟೆ ಕಟ್ಟಿ, ಸುತ್ತಲೂ ನುಣ್ಣಗಿನ ಹಾಸುಗಲ್ಲು ಹಾಕುವುದೆಂದಾಗಿದೆ. ನಾಗನಿಗೆ ನೆಳಲೂ ತಂಪೂ ತರಗೆಲೆಯೂ ಬೇಕೆಂದು ತಿಳಿದೇ ಪೂರ್ವಿಕರು ಅವನನ್ನು ಬನದಲ್ಲಿ ಇರಿಸಿದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅವನ ಕಲ್ಲನ್ನು ನಿಲ್ಲಿಸುವುದು ಯಾವ ಆರಾಧನೆ ಎಂದು ನಾನು ಹಲವು ಬಾರಿ ನನ್ನೊಳಗೆ ಕೇಳಿಕೊಂಡಿದ್ದೇನೆ. ಹಾವನ್ನು ಕುರಿತು ಮಕ್ಕಳು ನಲಿದು ಹಾಡುವಂಥ ಪದ್ಯವನ್ನು ಕನ್ನಡಕ್ಕೆ ಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದು ಇದೇ ಬಂಟ್ವಾಳದಲ್ಲಿ. ಅವರ ಊರಿನ ಶಾಲೆಯ ಮಕ್ಕಳನ್ನು ಕಾಂಕ್ರೀಟು ಕಾಣದ ಒಂದು ಬನದ ಅಂಚಿಗೆ ಕರೆದೊಯ್ದು ಕಾಲು ಗಂಟೆ ಸುಮ್ಮನೆ ನಿಲ್ಲಿಸಿದರೆ, ಹಾವು ಕಾಣಿಸದಿದ್ದರೂ ಹಕ್ಕಿಗಳ ದನಿಯಂತೂ ಅವರಿಗೆ ಕೇಳಿಸೀತು.

ಕರಿತಲೆಯ ಹರಟೆಮಲ್ಲ ಇಂದು ವಿನಾಶದ ಅಂಚಿನಲ್ಲಿರುವ ಪ್ರಭೇದವಲ್ಲ. ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅದು ಕಳವಳಕ್ಕೆ ಕಾರಣವಿಲ್ಲದವುಗಳ ಸಾಲಿನಲ್ಲಿಯೇ ಇದೆ. 1987ರಲ್ಲಿ ಘೋಷಿತವಾದ, ಸುಮಾರು 600 ಚದರ ಕಿಲೋಮೀಟರಿನ ಕುದುರೆಮುಖ ಉದ್ಯಾನವನವೂ, 2012ರಲ್ಲಿ ಪಶ್ಚಿಮ ಘಟ್ಟಗಳಿಗೆ ದೊರೆತ ವಿಶ್ವಪರಂಪರೆಯ ಮನ್ನಣೆಯೂ ಅದಕ್ಕೆ ಬೆನ್ನಾಗಿವೆ. ನನ್ನ ಕಳವಳ ಘಟ್ಟದ ಹಕ್ಕಿಯ ಕುರಿತಾದುದಲ್ಲ, ಕೆಳಗಿನ ಊರುಗಳದು. ಪ್ರಭೇದ ಉಳಿದೂ ಊರಿನಿಂದ ಹಕ್ಕಿ ಹೋಗುವುದುಂಟು. ಬಾರೊ ಕೊಲರಾಡೊದಲ್ಲಿ ಆದುದು ಅದೇ: ಕಾಡುರೆನ್ ಎಂಬ ಪ್ರಭೇದಕ್ಕೆ ಕೊರತೆಯಿಲ್ಲ, ಆ ದ್ವೀಪದಲ್ಲಿ ಮಾತ್ರ ಅದು ಇಲ್ಲ.

ಮಾಡಬಹುದಾದುದು ಬಹಳ ದೊಡ್ಡದೇನೂ ಅಲ್ಲ. ತೋಡಿನ ಎರಡು ಬದಿಗೂ ಹತ್ತು ಹದಿನೈದು ಅಡಿ ಅಗಲಕ್ಕೆ ಬಲ್ಲೆಯನ್ನು ಹಾಗೆಯೇ ಬಿಟ್ಟರೆ ತೋಟಕ್ಕೆ ನಷ್ಟವಿಲ್ಲ. 2019ರ ಆಗಸ್ಟಿನ ಮಹಾಮಳೆಯಲ್ಲಿ ಚಾರ್ಮಾಡಿಯ ಬುಡದ ತೋಡುಗಳು ಹುಚ್ಚೆದ್ದು ಹರಿದು ತೋಟಗಳನ್ನು ಕೊಚ್ಚಿದಾಗ, ಬೇರು ಹೆಣೆದುಕೊಂಡಿದ್ದ ದಡಕ್ಕೂ ಬರಿದಾದ ದಡಕ್ಕೂ ಇರುವ ಭೇದವನ್ನು ಬೆಳ್ತಂಗಡಿಯ ರೈತರು ಕಣ್ಣಾರೆ ಕಂಡಿದ್ದಾರೆ. ಗುಡ್ಡೆಯ ಬಲ್ಲೆಯನ್ನು ಸವರಲೇಬೇಕಾದವರು ಮಳೆ ಹಿಡಿಯುವ ಹೊತ್ತಿನಲ್ಲಿ ಸವರದೆ, ಆಟಿ, ಸೋಣ ಎಂಬ ತುಳು ತಿಂಗಳುಗಳು ಕಳೆದ ಮೇಲೆ ಸವರಿದರೆ ಆ ವರ್ಷದ ಮರಿಗಳು ಹೊರಬಿದ್ದಿರುತ್ತವೆ. ಬನವನ್ನು ಉದ್ಧರಿಸುವವರು ಕಟ್ಟೆಯ ಸುತ್ತಲ ನೆಲವನ್ನಾದರೂ ಮಣ್ಣಾಗಿ ಬಿಡಲಿ.

ಇದಕ್ಕೆಲ್ಲ ಒಂದು ಕಾನೂನಿನ ಬಾಗಿಲೂ ಉಂಟು. 2002ರ ಜೀವವೈವಿಧ್ಯ ಅಧಿನಿಯಮದ ಪ್ರಕಾರ ಪ್ರತಿಯೊಂದು ಗ್ರಾಮ ಪಂಚಾಯತಿನಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರತಕ್ಕದ್ದು, ಅದು ಊರಿನ ಜೀವಿಗಳನ್ನೂ ಅವುಗಳ ನೆಲೆಗಳನ್ನೂ ಊರವರ ಬಾಯಿಂದಲೇ ಕೇಳಿ ಜನತಾ ದಾಖಲೆಯಾಗಿ ಬರೆದಿಡತಕ್ಕದ್ದು. ಅಂಥ ದಾಖಲೆ ತಯಾರಾಗುವಾಗ ಮರಗಳ ಹೆಸರು, ಭತ್ತದ ತಳಿಗಳ ಹೆಸರು, ಮದ್ದಿನ ಗಿಡಗಳ ಹೆಸರು ಸಹಜವಾಗಿಯೇ ಮೊದಲು ಬರುತ್ತವೆ. ಅವುಗಳ ಜೊತೆಗೆ ಯಾವ ತೋಡಿನ ಯಾವ ಬದಿಯಲ್ಲಿ ಬಲ್ಲೆ ಉಳಿದಿದೆ, ಯಾವ ಬನಕ್ಕೂ ಯಾವ ಹಾಡಿಗೂ ನಡುವೆ ಅದು ಕಡಿಯದೆ ಸಾಗುತ್ತದೆ, ಅದರೊಳಗೆ ಯಾವ ಹಕ್ಕಿಯ ದನಿ ಯಾವ ತಿಂಗಳಲ್ಲಿ ಕೇಳಿಸುತ್ತದೆ ಎಂಬುದನ್ನೂ ಬರೆಸಬೇಕು. ಬರೆಸುವುದಕ್ಕೆ, ಸೊಪ್ಪಿನ ಹೊರೆ ಇಳಿಸಿ ನನ್ನೊಡನೆ ಮಾತಾಡಿದ ಆ ಹಿರಿಯರಂಥವರನ್ನು ಕರೆಸಿ ಸಭೆಯ ಮುಂದಿನ ಸಾಲಿನಲ್ಲಿ ಕೂರಿಸಬೇಕು.